ಬಿಚ್ಚಿ ನೋಡದ ಬೆರಳು

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆಯಿಂದ ಹಳೆಯ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಒಳಗಿನ ಮೆಣಸಿನಕಾಯಿಗೆ ನೀರು ಬಿದ್ದು ಬೂಸ್ಟು ಹಿಡಿದಿತ್ತು. ಘಾಟು ಒಂದು ಕಡೆ, ಕೊಳೆತ ನಾತ ಒಂದು ಕಡೆ. ಡಬ್ಬಿ ಸಮೇತ ಹೊರಗೆಸೆದೆ. ಆಮೇಲೆ ದಿನವಿಡೀ ನಾನು ಅತ್ತಿ ಎಂದು ಕರೆಯುತ್ತಿದ್ದ ಬಾಜೂಮನೆಯ ಹೆಂಗಸು ನೆನಪಾಗುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಬ್ಯಾಡಗಿಗೆ ಬಂದ ಹೊಸತು. ಅತ್ತಿ ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಇಬ್ಬರೂ ದಲಾಲಿ ಅಂಗಡಿಯ ಅಂಗಳದಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸಲು ಹೋಗುತ್ತಿದ್ದೆವು. ತುಂಬು ಎಂದರೆ ತೊಟ್ಟು. ಸಂಜೆಗೆ ಎಲ್ಲರ ಕೈಯೂ ಕೆಂಡ. ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿ ಕೂರುವುದು ರೂಢಿ. ಕೈ ಉರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆವು. ಉರಿಯದ ಕೈ ಯಾರದಿತ್ತು?

ಒಂದು ದಿನ ಒಣ ತೊಟ್ಟಿನ ಸಿಬಿರು ಅತ್ತಿಯ ತೋರುಬೆರಳಿನ ಉಗುರಿನ ಸಂದಿಗೆ ಚುಚ್ಚಿತು. ಬೆಲ್ಲ, ಸುಣ್ಣ ಕಲಸಿ ಹಚ್ಚಿ, ಹಳೇ ಸೀರೆಯ ಚೂರು ಸುತ್ತಿ ಮರುದಿನ ಕೆಲಸಕ್ಕೆ ಬಂದಳು. ಎರಡು ದಿನಕ್ಕೆ ಬೆರಳು ಬದನೆಕಾಯಿಯಂತೆ ಬಾತಿತು. ನಾಲ್ಕನೆಯ ದಿನ ಬಟ್ಟೆ ಹಳದಿಯಾಗಿ ನಾರತೊಡಗಿತು. ಉಳಿದವರು ದೂರ ಸರಿದು ಕೂತರು. ನಾನೂ ಸರಿದೆ.

ಆ ಸಂಜೆ ಅವಳು ನಮ್ಮ ಕಟ್ಟೆಯ ಮೇಲೆ ಬಂದು ಕೂತು ಕೈ ಚಾಚಿದಳು.

"ಒಂದ್ಸಲ ಬಿಚ್ಚಿ ನೋಡವಾ ತಂಗಿ. ಒಂದ ಕೈಲೆ ನನಗ ಗಂಟ ಬಿಚ್ಚಾಕ ಆಗವಲ್ದು. ಒಂದ ಸವನ ಸಿಡಿತೈತಿ."

ಬಟ್ಟೆಯ ಅಂಚಿನಲ್ಲಿ ಕೀವು ಒಣಗಿ ಹಕ್ಕಳೆಗಟ್ಟಿತ್ತು. ಅದರ ಮೇಲೆ ನೊಣ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವಳು ಅದನ್ನು ನೋಡಿದಳು...

"ಮೆಣಸಿನಕಾಯಿ ಉರೀನ ಐತಿ ಬಿಡ್ರಿ ಅತ್ತಿ. ಮಜ್ಜಿಗ್ಯಾಗ ಕೈ ಇಡ್ರಿ, ಇಳಿತೈತಿ," ಎಂದೆ.

"ಹೂನವಾ, ಅದ ಇರಬೇಕು," ಎಂದು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಎರಡು ದಿನ ಬಿಟ್ಟು ಗಡಗಡ ನಡುಗುವ ಚಳಿಜ್ವರ ಬಂತು. ಓಣಿಯವರು ಹಾವೇರಿಯ ದವಾಖಾನೆಗೆ ಒಯ್ದಾಗ ನಾನೂ ಹೋಗಿದ್ದೆ. ಡಾಕ್ಟರು ಬಟ್ಟೆ ಕತ್ತರಿಸಿದರು. ಬೆರಳಿನ ತುದಿ ಕಪ್ಪಾಗಿ, ಕೀವು ಅಂಗೈಗೆ ಇಳಿದಿತ್ತು. ಮುಂಗೈಯಿಂದ ಹೊರಟ ಕೆಂಪು ಗೆರೆ ಕಂಕುಳವರೆಗೆ ಹತ್ತಿ, ಅಲ್ಲಿ ಗಡ್ಡೆ ಎದ್ದಿತ್ತು. ನಂಜು ರಕ್ತಕ್ಕೆ ಸೇರಿದೆ ಎಂದರು.

"ಮೊದಲ ಕೊಯ್ದು ಕೀವು ತಗದಿದ್ರ ಬೆರಳಿನಾಗ ಮುಗೀತಿತ್ರಿ. ಯಾರೂ ಬಿಚ್ಚಿ ನೋಡಲಿಲ್ಲೇನು?"

ಕೊಯ್ದರು, ಸೂಜಿಯ ಮೇಲೆ ಸೂಜಿ ಹಾಕಿದರು. ಮೂತ್ರ ನಿಂತಿತು, ಮಾತು ತಪ್ಪಿತು. ಮೂರನೆಯ ದಿನ ಅತ್ತಿ ಹೋದಳು.

ಕೀವಿನ ಹೇಸಿಗೆ ನನಗೆ ಹೋಗಿ ಬಹಳ ವರ್ಷವಾಯಿತು. ಮೂಗಿಗೆ ಸೆರಗು ಹಿಡಿದ ನನ್ನನ್ನು ನೆನೆದರೆ ಮಾತ್ರ ಇವತ್ತಿಗೂ ಅಸಹ್ಯವಾಗುತ್ತದೆ. ಈಗ ಓಣಿಯಲ್ಲಿ ಯಾರಿಗೆ ಗಾಯವಾದರೂ ನನ್ನ ಹತ್ತಿರ ಬರುತ್ತಾರೆ. ಬಿಚ್ಚಿ ತೊಳೆಯುತ್ತೇನೆ, ಬಾವು ಕಂಡರೆ ಆಗಲೇ ದವಾಖಾನೆಗೆ ಕರೆದೊಯ್ಯುತ್ತೇನೆ. ಗಟ್ಟಿ ಹೆಂಗಸು ಎಂದು ಹೊಗಳುತ್ತಾರೆ. ನನ್ನ ಮುಂದೆ ಕೈ ಚಾಚಿ, ನನ್ನ ಮುಖ ನೋಡಿ, ತಾನೇ ನಾಚಿ ಕೈ ಎಳೆದುಕೊಂಡವಳ ವಿಷಯ ಅವರಿಗೆ ಗೊತ್ತಿಲ್ಲ.