ಹುಣಸೆಹಣ್ಣು ಹಚ್ಚಿ ತೊಳೆದ ತಾಮ್ರದ ಕೊಡಲಿ

ಆ ಕೊಡಲಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ತಾನೇ ಎಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನು ದೂರು ಕೊಟ್ಟ ಮೇಲೆ ಕಚೇರಿಯಲ್ಲಿ ಕೇಳಿದಾಗಲೆಲ್ಲ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷದ ಹಿಂದೆ, ಬೇಸಿಗೆ ರಜೆ ಶುರುವಾಗುವ ಮುಂಚೆ, ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಗೆ ಬಂದರು. ಅವರ ಹೊಲ ವಿದುರಾಶ್ವತ್ಥದ ಕಡೆ. ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟರು.

"ಕೃಷಿ ಹೊಂಡ ತೋಡಿಸ್ವಾಗ ಸಿಕ್ತು ಮೇಡಮ್ಮ. ಜೆಸಿಬಿಯೋನು ಗುಜರಿಗೆ ಹಾಕು ಅಂದ. ನಂಗ್ಯಾಕೋ ಮನಸ್ಸು ಬರ್ಲಿಲ್ಲ."

ಅಂಗೈಯಷ್ಟು ಉದ್ದದ ಚಪ್ಪಟೆ ತುಂಡು. ಒಂದು ತುದಿ ಕಿರಿದು, ಇನ್ನೊಂದು ತುದಿ ಬೀಸಣಿಗೆಯ ಹಾಗೆ ಅಗಲ. ಮೈಯೆಲ್ಲ ಹಸಿರು ಕಿಲುಬು. ನೋಡಿದ ಕೂಡಲೇ ಕೈಗೆತ್ತಿಕೊಂಡೆ. ನಾನು ಚಿಂತಾಮಣಿಯಲ್ಲಿ ತಾಮ್ರದ ಹಂಡೆ ಬಡಿಯುತ್ತಿದ್ದವರ ಮಗಳು. ತಾಮ್ರಕ್ಕೆ ಸುತ್ತಿಗೆ ಬಿದ್ದರೆ ಗುರುತು ಹೇಗಿರುತ್ತದೆ ಎಂದು ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿತಿದ್ದೆ. ಈ ತುಂಡಿನ ಅಗಲವಾದ ಅಂಚಿನ ಉದ್ದಕ್ಕೂ ಅಂಥ ಗುರುತುಗಳಿದ್ದವು. ಯಾರೋ ಕೂತು, ಅಂಚನ್ನು ಬಡಿದು ಬಡಿದು ಹರಿತ ಮಾಡಿದ್ದರು.

"ಇದು ಕೊಡಲಿ ಕಣಕ್ಕ," ಅಂದೆ. "ಕಬ್ಬಿಣ ಬರೋದಕ್ಕೆ ಮುಂಚಿನ ಕಾಲದ್ದು ಇರಬೇಕು."

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಿರಿದಾದ ತುದಿಯ ಹತ್ತಿರ ಬೆರಳಿಟ್ಟರು. ಅಲ್ಲಿ ಕಿಲುಬಿನ ಮೇಲೆ ಓರೆಯಾದ ಸಣ್ಣ ಗೆರೆಗಳು ಒತ್ತೊತ್ತಾಗಿ ಕಾಣುತ್ತಿದ್ದವು. ನಾನು ಅವನ್ನು ಗಮನಿಸಿರಲೇ ಇಲ್ಲ.

"ಇದು ಹುರಿ ಸುತ್ತಿರೋ ಗುರ್ತು. ಹಿಡಿಗೆ ಕಟ್ಟಿರ್ತಾರೆ. ನೋಡಿ, ನಾವು ಹೊಸೆಯೋ ಕಡೆಗಲ್ಲ, ಈ ಕಡೆಗೆ ಹೊಸೆದವ್ರೆ. ಎಡಗೈಯೋರೇನೋ."

ತಾಮ್ರದ ಕಿಲುಬು ತನಗೆ ಅಂಟಿದ ನಾರಿನ ಅಚ್ಚನ್ನು ಉಳಿಸಿಕೊಳ್ಳುತ್ತದೆ ಎಂದು ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಆ ಹೊಲದಲ್ಲಿ ಎಂದೋ ಬದುಕಿದ್ದ ಒಬ್ಬರ ಕೈ ತಿರುವನ್ನು ಅದೇ ಹೊಲದ ಹೆಣ್ಣುಮಗಳು ಓದಿ ಹೇಳಿದ್ದರು. ಫೋನಿನಲ್ಲಿ ಎಲ್ಲ ಬದಿಯಿಂದ ಫೋಟೋ ತೆಗೆದುಕೊಂಡೆ.

ಇಂಥದ್ದು ಸಿಕ್ಕಿದರೆ ಸರ್ಕಾರಕ್ಕೆ ಒಪ್ಪಿಸಬೇಕು ಎಂದು ಅವರಿಗೆ ಹೇಳಿದವಳು ನಾನೇ. ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: "ನಮ್ಮ ಹೊಲದಲ್ಲಿ ಸಿಕ್ತು ಅಂತ ಬರೀತಾರಾ? ನಮ್ಮ ಹುಡುಗಿ ನೋಡ್ಲಿ ಅಂತ." ಬರೆಯುತ್ತಾರೆ ಎಂದು ಮಾತು ಕೊಟ್ಟೆ. ಇಬ್ಬರೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಒಂದು ಕಚೇರಿಯಲ್ಲಿ ಒಪ್ಪಿಸಿ ರಸೀತಿ ತೆಗೆದುಕೊಂಡೆವು. ಕಚೇರಿಯ ಹೆಸರು ಇಲ್ಲಿ ಬೇಡ.

ಐದು ತಿಂಗಳಾದ ಮೇಲೆ ಅಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಟ್ಟರು. ಆ ತಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಗಳನ್ನೂ ಕರೆದುಕೊಂಡು ಬಂದಿದ್ದರು. ಗಾಜಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತ ಹೋದೆವು. ಒಂದರಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಹಬ್ಬಕ್ಕೆ ಬೆಳಗಿದ ಪಂಚಪಾತ್ರೆಯ ಹಾಗೆ ಏನೋ ಥಳಥಳ ಹೊಳೆಯುತ್ತಿತ್ತು. ಚೀಟಿಯಲ್ಲಿ "ತಾಮ್ರದ ಪೂಜಾ ಸಾಮಗ್ರಿ" ಎಂದಿತ್ತು. ಊರಿಲ್ಲ, ಹೊಲವಿಲ್ಲ, ಕೊಟ್ಟವರ ಹೆಸರಿಲ್ಲ.

ಅವರು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮನೆಮಾತಾದ ತೆಲುಗಿನಲ್ಲಿ ಅಂದರು: "ಇದಿ ಮಾದಿ ಕಾದಮ್ಮ." ಇದು ನಮ್ಮದಲ್ಲ ಅಂತ.

ಅದು ಅವರದ್ದೇ. ಆಕಾರ ಅದೇ, ಅಂಚಿನ ಒಂದು ಮುಕ್ಕೂ ಅದೇ. ಹುರಿಯ ಗೆರೆಗಳಿದ್ದ ಜಾಗದಲ್ಲಿ ಮಾತ್ರ ಕನ್ನಡಿಯ ನುಣುಪು.

ಅಲ್ಲೇ ಓಡಾಡುತ್ತಿದ್ದ ಅಧಿಕಾರಿಯನ್ನು ನಿಲ್ಲಿಸಿ ಕೇಳಿದೆ. ಅವರು ನಗುತ್ತ, "ಕಿಲುಬು ಹಿಡಿದಿರೋದನ್ನ ಇಡೋಕಾಗುತ್ತಾ ಮೇಡಂ? ಹುಣಸೆಹಣ್ಣು ಹಾಕಿ ತಿಕ್ಸಿದ್ದು. ಈಗ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ," ಅಂದರು.

"ಆ ಕಿಲುಬಿನಲ್ಲೇ ಎಲ್ಲ ಇತ್ತು ಸಾರ್. ಮತ್ತೆ ಇದು ಪೂಜಾ ಸಾಮಗ್ರಿ ಅಲ್ಲ. ಕೊಡಲಿ."

"ತಾಮ್ರದಲ್ಲಿ ಯಾರು ಕೊಡಲಿ ಮಾಡ್ತಾರೆ ಮೇಡಂ? ಮೆತ್ತಗಿನ ಲೋಹ. ಒಂದೇಟಿಗೆ ಬಗ್ಗೋಗುತ್ತೆ."

"ಬಡಿದಷ್ಟೂ ಗಟ್ಟಿಯಾಗುತ್ತೆ ಸಾರ್. ತೀರಾ ಬಡಿದ್ರೆ ಸೀಳು ಬಿಡುತ್ತೆ, ಆಗ ಕಾಯಿಸಿ ಮತ್ತೆ ಬಡೀಬೇಕು. ಕಬ್ಬಿಣ ಗೊತ್ತಿಲ್ಲದೋರು ಇದರಲ್ಲೇ ಕೊಡಲಿ, ಉಳಿ, ಈಟಿಯ ಮೊನೆ ಎಲ್ಲ ಮಾಡ್ಕೊಂಡ್ರು. ನಮ್ಮಪ್ಪ ಬಡಿಯೋದನ್ನ ನಾನು ದಿನಾ ನೋಡಿದೀನಿ."

"ನಿಮ್ಮ ತಂದೆಯೋರು ಪಾತ್ರೆ ಮಾಡೋರಾ?" ಎಂದು ಕೇಳಿದರು. ಆ ಕೇಳಿದ ರೀತಿಯಲ್ಲೇ ನನ್ನ ಮಾತಿನ ಬೆಲೆ ಎಷ್ಟೆಂದು ತೀರ್ಮಾನವಾಗಿತ್ತು. ಇನ್ನೇನೂ ಕೇಳದೆ ಅತಿಥಿಗಳ ಕಡೆ ಹೋದರು.

ದೂರು ಬರೆದೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಒಂದು ಸಾಲಿನ ಉತ್ತರ ಬಂತು: ಸದರಿ ವಸ್ತು ಸುಸ್ಥಿತಿಯಲ್ಲಿರುತ್ತದೆ. ಓದಿ ನಗುವುದೋ ಹರಿದು ಹಾಕುವುದೋ ತಿಳಿಯಲಿಲ್ಲ. ಮೂರನೆಯ ಪತ್ರದ ಜೊತೆ ಫೋಟೋಗಳನ್ನು ಲಗತ್ತಿಸಿ, ರಸೀತಿಯ ನಕಲನ್ನೂ ಇಟ್ಟು, ನಾನೇ ಕಚೇರಿಗೆ ಹೋಗಿ ಮೇಜಿನ ಮುಂದೆ ಕೂತೆ. ಚೀಟಿ ಬದಲಾಯಿಸುವವರೆಗೂ ಏಳುವುದಿಲ್ಲ ಎಂದೆ. ಊಟದ ಹೊತ್ತು ಕಳೆದ ಮೇಲೆ ಒಬ್ಬರು ಪೆನ್ನು ತೆಗೆದುಕೊಂಡು ಬರೆದರು: ತಾಮ್ರದ ಕೊಡಲಿ. ಕೆಳಗೆ ಊರು, ಆ ತಾಯಿಯ ಹೆಸರು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನೂ ತಿದ್ದಿಸಿದೆ.

ಗೆದ್ದೆ ಎಂದು ಹೇಳಲಾರೆ. ಆ ಹುರಿಯನ್ನು ಯಾವ ನಾರಿನಿಂದ ಹೊಸೆದಿದ್ದರು, ಆ ಕಾಲದಲ್ಲಿ ಇಲ್ಲಿ ಏನು ಬೆಳೆಯುತ್ತಿತ್ತು ಎಂದು ತಿಳಿದವರು ಪರೀಕ್ಷೆ ಮಾಡಿ ಹೇಳಬಹುದಿತ್ತು. ಈಗ ಉಳಿದಿರುವುದು ನನ್ನ ಫೋನಿನ ಫೋಟೋ.

ಸುದ್ದಿ ಹೇಳಲು ಅವರ ಮನೆಗೆ ಹೋದೆ. ನೀರು ತುಂಬಿದ ಹೊಂಡದ ಪಕ್ಕ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಹೆಸರು ಬರೆದಿದ್ದಾರೆ ಎಂದಾಗ ತಲೆಯಾಡಿಸಿದರು.

"ಸಂತೋಷ ಮೇಡಮ್ಮ. ಆದ್ರೆ ಇನ್ನೊಂದು ಸಿಕ್ಕಿದ್ರೆ ನಿಮಗೆ ಹೇಳಲ್ಲ. ಸಿಕ್ಕಿದ ಜಾಗದಲ್ಲೇ ಮುಚ್ಚಿಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಹಾಗೆ ಮಾಡಬಾರದು, ಕಾನೂನು ಇದೆ ಎಂದು ಟೀಚರಾಗಿ ನಾನು ಹೇಳಬೇಕಿತ್ತು. ಅವರು ಕೊಯ್ದ ಹುಲ್ಲನ್ನು ಹೊರೆ ಕಟ್ಟಿದರು, ನಾನು ಅದನ್ನು ಅವರ ತಲೆಯ ಮೇಲೆ ಎತ್ತಿ ಇಟ್ಟೆ.