ಗೌರಿಯ ಮೂಗುಬೊಟ್ಟಿಗೆ ಯಾವ ಕಾಯಿಲ್

ನಿವೃತ್ತಿಯಾದ ಮೇಲೆ ನಮ್ಮ ಬಸವನಗುಡಿಯ ಹೆಂಗಸರು ಭಜನೆ ಕಲಿಯುತ್ತಾರೆ, ಇಲ್ಲವೇ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುತ್ತಾರೆ. ನಾನು ಮೆಟಲ್ ಡಿಟೆಕ್ಟರ್ ಕೊಂಡೆ. ವರ್ಷಕ್ಕೊಮ್ಮೆ ಗೋಕರ್ಣಕ್ಕೆ ಹೋದಾಗ ಹೆಡ್‌ಫೋನ್ ಹಾಕಿಕೊಂಡು ಕಡಲ ದಂಡೆಯ ಮರಳನ್ನೂ ಮೊಣಕಾಲುದ್ದದ ನೀರನ್ನೂ ಜಾಲಾಡುವುದು ನನ್ನ ಹುಚ್ಚು. ಇದುವರೆಗೆ ಸಿಕ್ಕಿದ್ದು ಬಾಟಲಿ ಮುಚ್ಚಳಗಳು, ಚಿಲ್ಲರೆ ನಾಣ್ಯ, ಒಂದು ಬೆಳ್ಳಿ ಕಾಲುಂಗುರ. "ಸಮುದ್ರದಲ್ಲಿ ಯಾರ್ದೋ ಕಾಲುಂಗುರ ಹುಡುಕ್ತಾಳೆ, ಮನೇಲಿ ನನ್ನ ಕನ್ನಡಕ ಹುಡುಕ್ಕೊಡಲ್ಲ" ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ.

ಆ ಯಂತ್ರದ ಕೋಲಿನ ತುದಿಗೆ ಒಂದು ತಟ್ಟೆ ಇರುತ್ತದೆ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಅದರ ಕೆಳಗೆ ಲೋಹ ಬಂದರೆ ಕಿವಿಯಲ್ಲಿ ಸದ್ದಾಗುತ್ತದೆ. ನನ್ನ ಹತ್ತಿರ ಎರಡು ಕಾಯಿಲ್ ಇವೆ. ದೊಡ್ಡದು ದೋಸೆ ಕಾವಲಿಯಷ್ಟು ಅಗಲ. ಒಂದೇ ಬೀಸಿಗೆ ಬೇಕಾದಷ್ಟು ಜಾಗ ನೋಡುತ್ತದೆ, ಆಳಕ್ಕೂ ಇಳಿಯುತ್ತದೆ. ಬಯಲು ಬಿದ್ದ ಮರಳಿಗೆ ಅದೇ ಸರಿ. ಚಿಕ್ಕದು ಅಂಗೈ ಅಗಲದ್ದು. ಕಸದ ನಡುವೆ ಕೂತ ಸಣ್ಣ ವಸ್ತುವನ್ನೂ ಬೇರೆ ಮಾಡಿ ತೋರಿಸುತ್ತದೆ, ಆದರೆ ಅದರ ಕೆಲಸ ಬಲು ನಿಧಾನ. ನನಗೆ ತಾಳ್ಮೆ ಕಡಿಮೆ. ಹಾಗಾಗಿ ಅದು ಅಟ್ಟ ಸೇರಿತ್ತು.

ಕಳೆದ ಗೌರಿ ಹಬ್ಬ ನಮ್ಮ ಸೊಸೆಗೆ ಈ ಮನೆಯಲ್ಲಿ ಮೊದಲನೆಯದು. ಅಲಂಕಾರವನ್ನೆಲ್ಲ ಅವಳಿಗೇ ಬಿಟ್ಟಿದ್ದೆ. ಮಣ್ಣಿನ ಗೌರಿಗೆ ಮನೆಯ ಒಡವೆ ಹಾಕುವುದು, ಕಳಿಸುವ ಮೊದಲು ಬಿಚ್ಚಿಡುವುದು ನಮ್ಮಲ್ಲಿ ಪದ್ಧತಿ. ಅವಳು ಸರ ತೆಗೆದಳು, ಬಳೆ ತೆಗೆದಳು. ಮೇಣದಿಂದ ಅಂಟಿಸಿದ್ದ ನಮ್ಮಮ್ಮನ ಏಳು ಹರಳಿನ ಮೂಗುಬೊಟ್ಟು ಮಾತ್ರ ಅರಿಶಿನ ಕುಂಕುಮದಡಿ ಮುಚ್ಚಿಹೋಗಿ ಯಾರ ಕಣ್ಣಿಗೂ ಬೀಳಲಿಲ್ಲ. ಚೌತಿಯ ಸಂಜೆ ಗಣಪನ ಜೊತೆ ಗೌರಿಯೂ ಪಾರ್ಕಿನ ಪಕ್ಕದ ಕಲ್ಯಾಣಿಯಲ್ಲಿ ಮುಳುಗಿದಳು. ಮನೆಗೆ ಬಂದು ಒಡವೆಗಳನ್ನು ಡಬ್ಬಿಗೆ ಹಾಕುವಾಗ ವಿಷಯ ಗೊತ್ತಾಯಿತು.

ಸೊಸೆ ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಅತ್ತೆ, ಇನ್ಮೇಲೆ ಪೂಜೆ ನೀವೇ ಮಾಡಿ. ನಾನು ದೂರ ನಿಂತು ಕೈ ಮುಗೀತೀನಿ" ಎಂದಳು. ಮೂಗುಬೊಟ್ಟು ಹೋದದ್ದಕ್ಕೆ ಸಂಕಟವಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಮನೆಗೆ ಬಂದು ವರ್ಷವಾಗದ ಹುಡುಗಿ ತನ್ನನ್ನು ತಾನೇ ಹೊರಗಿನವಳಾಗಿ ಮಾಡಿಕೊಂಡಳಲ್ಲ ಎಂಬುದು ಅದಕ್ಕಿಂತ ಹೆಚ್ಚಾಗಿ ಕೊರೆಯಿತು.

ಮರುದಿನ ಬೆಳಗ್ಗೆ ಯಂತ್ರವನ್ನೂ ಎರಡೂ ಕಾಯಿಲನ್ನೂ ಹಿಡಿದು ನಾನು, ಸೊಸೆ, ಯಜಮಾನರು ಮೂವರೂ ಕಲ್ಯಾಣಿಗೆ ಹೋದೆವು. ನೀರು ಬಹುಪಾಲು ಖಾಲಿ ಮಾಡಿದ್ದರು, ಮೊಣಕಾಲುದ್ದ ಕೆಸರು ನೀರು ಉಳಿದಿತ್ತು. ಕಾವಲಿನವರು ಇಳಿಯಲು ಬಿಟ್ಟರು. "ಮಧ್ಯಾಹ್ನ ಲಾರಿ ಬರತ್ತಮ್ಮಾ, ಹೂಳೆಲ್ಲ ಎತ್ಕೊಂಡ್ ಹೋಗ್ತಾರೆ. ಅಷ್ಟರಲ್ಲಿ ನೋಡ್ಕೊಳ್ಳಿ" ಎಂದರು.

ಮೊದಲು ದೊಡ್ಡ ಕಾಯಿಲನ್ನೇ ಹಾಕಿದೆ. ಇಳಿಸಿದ್ದೇ ತಡ, ಕಿವಿ ಕಿತ್ತುಹೋಗುವಂತೆ ಅರಚಿತು. ಮಂಟಪಗಳ ತಂತಿ, ಮೊಳೆ, ಜನ ಎಸೆದ ನಾಣ್ಯ ಎಲ್ಲ ಒಟ್ಟೊಟ್ಟಿಗೆ ಅದರಡಿ ಬರುತ್ತಿದ್ದವು. ನೀರಿನಲ್ಲಿ ಅದನ್ನು ಎಳೆದು ಎಳೆದು ಭುಜ ಬಿದ್ದುಹೋಯಿತು. ಚಿಕ್ಕದನ್ನು ಹಾಕಿದರೆ ಲಾರಿ ಬರುವುದರೊಳಗೆ ಒಂದು ಮೂಲೆ ಮುಗಿದೀತು, ಅಷ್ಟೆ. ಆ ಮೂಲೆ ತಪ್ಪಾದರೆ ಕಥೆ ಮುಗಿದಂತೆ.

"ಗೌರೀನ ಎಲ್ಲಿ ಬಿಟ್ರು, ಜ್ಞಾಪಕ ಇದ್ಯಾ?" ಎಂದು ಸೊಸೆಯನ್ನು ಕೇಳಿದೆ.

"ಆ ಮುರಿದ ಮೆಟ್ಟಿಲಿನ ಎಡಗಡೆ. ಮುಖ ಮುಳುಗೋವರ್ಗೂ ನೋಡ್ತಾನೇ ಇದ್ದೆ."

ಮೇಲೆ ನಿಂತಿದ್ದ ಯಜಮಾನರು ಬಾಯಿ ಹಾಕಿದರು. "ಆ ಗಲಾಟೇಲಿ ಏನು ಗೊತ್ತಾಗತ್ತೆ? ದೊಡ್ಡದ್ರಲ್ಲೇ ಎಲ್ಲಾ ಕಡೆ ಒಂದು ಸುತ್ತು ಹಾಕೇ."

"ನೀವು ಸುಮ್ನಿರಿ. ಅವಳು ನೋಡಿದಾಳೆ" ಎಂದು ಚಿಕ್ಕ ಕಾಯಿಲ್ ಸಿಕ್ಕಿಸಿದೆ. ಸೊಸೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಚೂಡಿದಾರ್ ಮಡಚಿಕೊಂಡು ನೀರಿಗೆ ಇಳಿದಳು.

ನಾನು ಸದ್ದು ಕೇಳಿ ಜಾಗ ತೋರಿಸುವುದು, ಅವಳು ಕೆಸರಿಗೆ ಕೈ ಹಾಕುವುದು. ತಂತಿ, ಮತ್ತೆ ತಂತಿ, ನಾಣ್ಯ, ಮೊಳೆ. ಬಿಸಿಲೇರಿತು. ನನ್ನ ತಾಳ್ಮೆ ಎಂದೋ ಮುಗಿದಿತ್ತು, ಆದರೆ ಅವಳ ಮುಂದೆ ಸಾಕು ಎನ್ನಲು ಬಾಯಿ ಬರಲಿಲ್ಲ. ಹೊರಗೆ ಲಾರಿ ಬಂದು ನಿಂತದ್ದೂ ಕೇಳಿಸಿತು. ಅಷ್ಟರಲ್ಲಿ, ಮೆಟ್ಟಿಲಿಗೆ ಒತ್ತಿಕೊಂಡಂತಿದ್ದ ಸಂದಿಯಲ್ಲಿ ಒಂದು ತೆಳುವಾದ ಸದ್ದು. ಆ ಸಂದಿಗೆ ದೊಡ್ಡ ಕಾಯಿಲ್ ತೂರುತ್ತಲೇ ಇರಲಿಲ್ಲ.

ಅವಳು ಎತ್ತಿದ್ದು ಕರಗದೆ ಉಳಿದ ಮಣ್ಣಿನ ಮುದ್ದೆ.

"ಒಡಿ" ಎಂದೆ. ಅವಳು ಒಡೆಯಲಿಲ್ಲ. ಅಂಗೈಯಲ್ಲಿಟ್ಟುಕೊಂಡು, ಮಗುವಿನ ಮುಖ ತೊಳೆಯುವ ಹಾಗೆ, ಸ್ವಲ್ಪಸ್ವಲ್ಪವೇ ನೀರು ಹಾಕಿ ಸವರಿದಳು. ಬಣ್ಣದ ಒಂದು ಕಣ್ಣು ಕಾಣಿಸಿತು. ಆಮೇಲೆ ಅರ್ಧ ಮೂಗು. ಅದರ ಮೇಲೆ ಮೇಣ ಹಿಡಿದುಕೊಂಡೇ ಇದ್ದ ಹರಳುಗಳು.

ಆಗ ಅವಳು ಅತ್ತಳು. ನನಗೂ ಕಣ್ಣು ತುಂಬಿ ಏನೂ ಕಾಣದಾಯಿತು. ಮೂಗುಬೊಟ್ಟು ಬಿಡಿಸಿ ನನ್ನ ಕೈಗಿಟ್ಟು, ಅವಳು ಆ ಮಣ್ಣಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಇಳಿಸಿದಳು.

"ಹೋಗ್ಬಾಮ್ಮ ಗೌರಿ. ಬರೋ ವರ್ಷಾನೂ ನಾನೇ ಕರ್ಕೊಂಡ್ ಬರ್ತೀನಿ" ಎಂದಳು.