ಲಿಫ್ಟಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಅತ್ತೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಚಹಾ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟುಕೊಂಡು, ಬಿಸಿ ತಾಗಿದ ಕೂಡಲೇ ನಿಲ್ಲಿಸುತ್ತಿದ್ದರು. ಆಪರೇಷನ್ ಎಂದರೆ ಮಾತ್ರ ಮುಟ್ಟಳ್ಳಿಯ ಮನೆಯಿಂದ ಹೊರಡುತ್ತಿರಲಿಲ್ಲ. ನಾನು ಭಟ್ಕಳದಿಂದ ಹೋಗಿ ಹೋಗಿ ಕರೆದ ಮೇಲೆ, ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಮಳೆಗಾಲದಲ್ಲಿ ಒಪ್ಪಿದರು.

“ಒಂದೇ ಸಲ. ಡಾಕ್ಟ್ರು ಸಿಕ್ಲಿಲ್ಲ ಅಂದ್ರೆ ದೇವ್ರಿಗೇ ಬೇಡಾಗಿತ್ತು ಅಂದ್ಕಳ್ಳೂದು. ಮತ್ತೆ ಕರೀಬೇಡ, ಆತಾ?”

ಕಣ್ಣಿನ ಡಾಕ್ಟರು ಹೊನ್ನಾವರಕ್ಕೆ ಬರುತ್ತಿದ್ದದ್ದು ವಾರಕ್ಕೊಮ್ಮೆ. ಒಂದು ಗಂಟೆಗೆ ಹೊರಟುಬಿಡುತ್ತಿದ್ದರು. ಬಸ್ಸು ತಡವಾಗಿ ನಾವು ಆ ಹೊಸ ಕಟ್ಟಡ ತಲುಪುವಾಗ ಹನ್ನೆರಡೂವರೆ ದಾಟಿತ್ತು. ದವಾಖಾನೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲು ತೆರೆದದ್ದೇ ಅತ್ತೆ ಹೊರಗೇ ಚಪ್ಪಲಿ ಕಳಚಿದರು.

“ನೆಲ ಎಂಥ ಥಳಥಳ ಅಂತದೆ ನೋಡು. ಮೆಟ್ಟು ಹಾಕ್ಕಂಡು ಒಳಗೆ ಹೋಗೂದಾ?”

ಅವರೊಬ್ಬರನ್ನೇ ಬರಿಗಾಲಲ್ಲಿ ನಿಲ್ಲಿಸಲು ಮನಸ್ಸಾಗದೆ ನಾನೂ ಕಳಚಿ, ಎರಡೂ ಜೊತೆಯನ್ನು ಸಾಲಾಗಿ ಜೋಡಿಸಿಟ್ಟೆ. ಕಾನ್ವೆಂಟಿನಲ್ಲಿ ಓದಿದ ಅಭ್ಯಾಸ.

ಎರಡನೇ ಮಹಡಿ ದಾಟುತ್ತಿದ್ದಂತೆ ಕರೆಂಟು ಹೋಯಿತು. ಒಳಗೆ ಕಗ್ಗತ್ತಲೆ. ಗಂಟೆಯ ಗುಂಡಿ ಒತ್ತಿದರೆ ಸದ್ದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕೋಣೆಯ ಬಾಗಿಲು ತಟ್ಟುತ್ತಿದ್ದಂತೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, “ದಯವಿಟ್ಟು, ಯಾರಾದರೂ ಇದ್ದೀರಾ?” ಎಂದೆ.

ಕತ್ತಲಲ್ಲೇ ಅತ್ತೆ ನಕ್ಕರು. “ಹಾಂಗೆ ಕರೆದ್ರೆ ಬೆಕ್ಕೂ ಬರೂದಿಲ್ಲ. ಆಚೆ ಸರಿ.”

ಗದ್ದೆಯ ಆಚೆ ಬದಿಯವರನ್ನು ಕರೆಯುವಾಗಿನ ಹಾಗೆ “ಕೂ…” ಎಂದು ಕೂಗಿದರು. ಇಡೀ ಕಟ್ಟಡ ಮೊಳಗಿತು. ಮೆಟ್ಟಿಲ ಮೇಲೆ ಯಾರೋ ಹತ್ತಿದರು, ಇಳಿದರು. ಕೂಗು ಎಲ್ಲಿಯದೆಂದು ಯಾರಿಗೂ ತಿಳಿಯಲಿಲ್ಲ. ಅತ್ತೆ ಮತ್ತೆರಡು ಸಲ ಕೂಗಿದರು.

“ಡಾಕ್ಟ್ರು ಹೋದ್ರೇನೋ,” ಎಂದರು ಸಣ್ಣ ದನಿಯಲ್ಲಿ. “ಇಷ್ಟು ದೂರ ಬಂದು…”

ಅವರಿಗೂ ಕಾಣುವ ಆಸೆಯಿದೆಯೆಂದು ನನಗೆ ಗೊತ್ತಾದದ್ದು ಆಗಲೇ. ಅವರ ಕೈ ಹುಡುಕಿ ಹಿಡಿದೆ. ಚಹಾಕ್ಕೆ ಅದ್ದುವ ಬೆರಳಿನ ತುದಿ ಒರಟಾಗಿತ್ತು.

ಆಗ ಕೆಳಗಿನಿಂದ ಒಂದು ದನಿ ಬಂತು. “ಇಲ್ಲಿ ಎರಡು ಜೊತೆ ಚಪ್ಪಲಿ ಉಂಟಲ್ಲ! ಬರಿಗಾಲಲ್ಲಿ ಎಲ್ಲಿಗೆ ಹೋಗ್ತಾರೆ? ಲಿಫ್ಟಿನ ಒಳಗೇ ಇದ್ದಾರೆ ಮಾರಾಯಾ!”

ವಾಚ್‌ಮನ್ ತಾರಸಿಗೆ ಓಡಿ, ಯಂತ್ರದ ಚಕ್ರವನ್ನು ಕೈಯಿಂದಲೇ ತಿರುಗಿಸಿ ನಮ್ಮನ್ನು ಎರಡನೇ ಮಹಡಿಗೆ ಇಳಿಸಿದ. ಬಾಗಿಲು ಸರಿಸಿದರೆ ಎದುರಿಗೆ ಬ್ಯಾಗು ಹಿಡಿದ ಒಬ್ಬರು, ಏದುಸಿರು ಬಿಡುತ್ತಾ. ಮನೆಗೆಂದು ಮೆಟ್ಟಿಲಿಳಿದು ಹೋಗಿದ್ದ ಡಾಕ್ಟರು! ಚಪ್ಪಲಿ ಕಂಡು ಕೂಗಿದ್ದು ಅವರೇ.

“ಕೂಗಿದ್ದು ನೀವಾ ಅಮ್ಮಾ? ಕಣ್ಣು ನೋಡದಿದ್ರೂ ಗಂಟಲು ಗಟ್ಟಿ ಉಂಟು ಅಂತ ಬರೆದುಕೊಡ್ತೇನೆ.”

ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ಬ್ಯಾಗಿನಿಂದ ಟಾರ್ಚು ತೆಗೆದು ನೋಡಿದರು. ಆಪರೇಷನ್ನಿನ ದಿನವೂ ಅಲ್ಲೇ ನಿಗದಿಯಾಯಿತು.

ಆಪರೇಷನ್ ಆಗಿ, ಕನ್ನಡಕ ಬಂದ ಮೇಲೆ ತೋರಿಸಿಕೊಳ್ಳಲು ಮತ್ತೆ ಅದೇ ಲಿಫ್ಟಿಗೆ ಬಂದೆವು. ನಾನು ಬಗ್ಗಿ ಚಪ್ಪಲಿ ಕಳಚುತ್ತಿದ್ದೆ. ಅತ್ತೆ ಒಳಗೆ ಇಣುಕಿದವರು ನನ್ನ ತೋಳು ಹಿಡಿದೆಳೆದರು.

“ಥೂ, ಮೂಲೆ ತುಂಬಾ ಎಲೆ-ಅಡಿಕೆ ಉಗುಳಿಟ್ಟಿದ್ದಾರೆ! ಇದ್ರ ಒಳಗೆ ಬರಿಗಾಲಲ್ಲಿ ನಿಂತಿದ್ದೆವಾ? ಹಾಕ್ಕ, ಹಾಕ್ಕ ಮೆಟ್ಟು.”